ಮಾವನವರ ಕಿವಿ

ಮಾವನವರೇ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ನಿನ್ನೆ ನಿಮ್ಮ ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ನಾಸಿಕದಿಂದ ಸಂಭಾಜಿನಗರಕ್ಕೆ, ಅದೇ ಔರಂಗಾಬಾದಿಗೆ, ಇಂಥ ಹಳೆಯವನ್ನು ರಿಪೇರಿ ಮಾಡುವ ಪ್ರಭಾಕರ ಅವರ ಹತ್ತಿರ ಒಯ್ದಿದ್ದೆ. ಅವರು ಮೀಟರ್ ಹಿಡಿದು ನೋಡಿ, ತಾಳ, ಗೆಜ್ಜೆಯಂಥ ಏರು ನಾದ ಹೊರಡಿಸುವ ಟ್ವೀಟರ್‌ಗಳನ್ನು ಬಿಚ್ಚಿ ನನ್ನ ಮುಂದಿಟ್ಟರು. ಎರಡರಲ್ಲೂ ಕೂದಲೆಳೆಯಂಥ ತಂತಿ ಸುಟ್ಟು ಕಪ್ಪಾಗಿತ್ತು.

"ಅಕ್ಕಾ, ಯಾರೋ ಪೂರ್ತಿ ಆವಾಜ್ ಇಟ್ಟು ಬಾರಿಸಿದ್ದಾರೆ," ಎಂದು ಮರಾಠಿಯಲ್ಲಿ ಹೇಳಿ, ಹೊಸವನ್ನು ಕೂರಿಸಿಕೊಟ್ಟರು.

ಯಾರೋ ಅಲ್ಲ, ನಾನೇ. ನೀವು ಧಾರವಾಡಕ್ಕೆ ಹೋಗಿದ್ದಾಗ ನಮ್ಮ ವಸತಿ ಸೊಸೈಟಿಯ ಹೆಂಗಸರನ್ನು ಮನೆಗೆ ಕರೆದು ಗಣಪತಿ ಹಬ್ಬದ ಕುಣಿತದ ತಾಲೀಮು ಮಾಡಿಸಿದ್ದೆ. ಪೆಟ್ಟಿಗೆಗಳಿಂದ ಸುಟ್ಟ ವಾಸನೆ ಬಂದಿತ್ತು. ಹಾಡು ನಿಲ್ಲಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ.

ಊರಿಂದ ಬಂದ ಮೇಲೆ ನೀವು ಕೇಳಿದಿರಿ: "ಶ್ರೀವಿದ್ಯಾ, ಭಜನ್ಯಾಗ ತಾಳದ ಸಪ್ಪಳಾನ ಕೇಳವಲ್ದು. ಪೆಟ್ಟಿಗಿ ಕೆಟ್ಟಾವೇನು?"

"ಪೆಟ್ಟಿಗಿ ಛಲೋ ಅದಾವ್ರಿ ಮಾವಾರ. ನಿಮ್ಮ ಕಿವಿ ಮಂದ ಆಗ್ಯಾವ," ಎಂದೆ.

ನಾಸಿಕದ ಪಕ್ಕದ ಓಝರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಿಮಾನದ ಎಂಜಿನ್ನುಗಳಿಗೆ ಕಿವಿಗೊಟ್ಟಿದ್ದ ನೀವು ನನ್ನ ಮಾತು ನಂಬಿದಿರಿ. ರೆಕಾರ್ಡು ಹಾಕುವುದನ್ನೇ ಬಿಟ್ಟಿರಿ. ಮನೆಗೆ ಬಂದವರಿಗೆ, "ನನಗ ಕೇಳಸೂದಿಲ್ರಿ," ಎಂದು ಮೊದಲೇ ಹೇಳಿ ಒಳಗೆ ಹೋಗುತ್ತಿದ್ದಿರಿ.

ಇವತ್ತು ನಿಮ್ಮ ಮಗ ಆ ಭಜನೆ ಹಾಕಿದರು. ತಾಳ ಸ್ಪಷ್ಟವಾಗಿ ಕೇಳಿತು.

"ಏನಾಗಿತ್ತಂತ?" ಎಂದು ಕೇಳಿದರು.

"ಹಳೇವಲ್ರಿ, ತಮ್ಮಷ್ಟಕ್ಕ ತಾವ ಕೆಟ್ಟಿದ್ದುವಂತ," ಎಂದೆ.

"ಅಪ್ಪಾ ಇದ್ದಾಗ ಮಾಡಸಬೇಕಿತ್ತು," ಎಂದರು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡರು: "ಮಾಡಿಸಿದ್ರೂ ಅವಗ ಎಲ್ಲಿ ಕೇಳಸ್ತಿತ್ತು ಬಿಡು."

ಹೌದೆಂದು ತಲೆಯಾಡಿಸಿದೆ, ಮಾವನವರೇ.

ಶ್ರೀವಿದ್ಯಾ