ಪತ್ರದಿಂದ ತೆಗೆದ ನಾಲ್ಕು ಸಾಲು

ಮೇ 7, ಮಂಗಳವಾರ. ಬೆಳಗ್ಗೆ 4.25

ಗೀಸರ್ ಮತ್ತೆ ಕೆಟ್ಟಿದೆ. ತಣ್ಣೀರಲ್ಲೇ ಮುಖ ತೊಳೆದದ್ದಾಯಿತು. ರೆಫಿಲ್ವೆಯ ಊಟದ ಡಬ್ಬಿ ತುಂಬಿಸಿ ಮೇಜಿನ ಮೇಲಿಟ್ಟೆ. ಆರಕ್ಕೆ ಪಕ್ಕದ ಮನೆಯ ಅಜ್ಜಿ, ನಮ್ಮ ಗೊಗೊ, ಬಂದು ಎಬ್ಬಿಸುತ್ತಾರೆ, ತಲೆ ಬಾಚುತ್ತಾರೆ, ಶಾಲೆಗೆ ಕಳಿಸುತ್ತಾರೆ. ಒಂಬತ್ತು ವರ್ಷದ ಮಗಳು ಕಣ್ಣು ಬಿಟ್ಟಿರುವುದನ್ನು ನಾನು ನೋಡುವುದು ಸಂಜೆ ಏಳೂವರೆಯಿಂದ ಎಂಟೂವರೆ. ಒಂದು ಗಂಟೆ. ಅದರಲ್ಲೂ ಅರ್ಧ ಬೈಗುಳ.

ಬುಸಿ ಹಾರ್ನ್ ಹಾಕಿದಳು. ಐದು ವರ್ಷದಿಂದ ಇದೇ ಲಿಫ್ಟ್ ಕ್ಲಬ್— ಅವಳ ಕಾರು, ನಾವು ನಾಲ್ಕು ಜನ ನರ್ಸುಗಳು, ಪೆಟ್ರೋಲು ಎಲ್ಲರದು. ಊರಾಚೆಯ ಮನೆಯಿಂದ ಊರೊಳಗಿನ ಆಸ್ಪತ್ರೆಗೆ, ವೊಸ್ಲೂರಸ್‌ನಿಂದ ಪಾರ್ಕ್‌ಟೌನ್. ಹಿಂದಿನ ಸೀಟಿನ ಇಬ್ಬರು ಗೊರಕೆ. ಮುಂದೆ ನಾವಿಬ್ಬರು ಮಾತು. ನನ್ನ ಗಂಡ ಬಿಟ್ಟುಹೋದಾಗಲೂ ಮೊದಲು ಹೇಳಿದ್ದು ಈ ಸೀಟಿನಲ್ಲೇ ಕೂತು.

ಮೇ 11, ಶನಿವಾರ

ಮೆಲ್ವಿಲ್‌ನ ಮಾರಾಟಕ್ಕಿರುವ ಆ ಮನೆ ನೋಡಿ ಬಂದೆ. ಐದನೇ ಅವೆನ್ಯೂ. ಗೇಟಿನ ಹೊರಗೆ ಸಾಲು. ಎಣಿಸಿದೆ, ನನ್ನ ಮುಂದೆ ಹತ್ತೊಂಬತ್ತು ಜನ. ಒಬ್ಬ ಟೇಪು ತಂದಿದ್ದ, ಆಗಲೇ ತನ್ನ ಫ್ರಿಜ್ ಎಲ್ಲಿ ಹಿಡಿಯುತ್ತದೆ ಎಂದು ಅಳೆಯುತ್ತಿದ್ದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಚಿಕ್ಕ ಮನೆ. ಎರಡು ರೂಮು, ಮರದ ನೆಲ, ಹಿತ್ತಲು. ಬೀದಿ ಕೊನೆಯಲ್ಲೇ ಬಸ್ಸು. ಆಸ್ಪತ್ರೆಗೆ ಕಾಲು ಗಂಟೆ! ರೆಫಿಲ್ವೆಯನ್ನು ನಾನೇ ಎಬ್ಬಿಸಬಹುದು. ನಾನೇ ತಲೆ ಬಾಚಬಹುದು.

ಏಜೆಂಟ್ ಡಿಯೊನ್ ಎಷ್ಟು ಹೇಳಿದರೂ ಯಜಮಾನಿ ಹೊರಗೆ ಹೋಗಿರಲಿಲ್ಲ. ಮಿಸೆಸ್ ವಿಸ್ಸರ್, ಎಂಬತ್ತೊಂದು. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನೆಲ್ಲ ನೋಡುತ್ತಿದ್ದರು. "ಬೆಲೆ ಎಲ್ಲರೂ ಕೊಡ್ತಾರೆ. ಯಾರಿಗೆ ಕೊಡ್ತಿದೀನಿ ಅಂತ ನಂಗೆ ಗೊತ್ತಾಗ್ಬೇಕಲ್ಲ. ಒಂದು ಕಾಗದ ಬರೆದು ಕೊಡಿ" ಎಂದರು.

ಹದಿನಾಲ್ಕನೇ ನಂಬರ್ ಮನೆ ಎದುರಿಗೇ ಇದೆ. ಬಣ್ಣ ಬದಲಾಗಿದೆ. ಅದರ ಹಿತ್ತಲಿನ ರೂಮಿನಲ್ಲಿ ಅಮ್ಮ ಮನೆಗೆಲಸದವಳಾಗಿ ಇಪ್ಪತ್ತೆರಡು ವರ್ಷ ಇದ್ದಳು. ಅವರ ಮಕ್ಕಳಿಗೆ ಸ್ನಾನ ಮಾಡಿಸಿದಳು, ಉಣಿಸಿದಳು. ಆಗಿನ ಬಿಳಿಯರ ಕಾನೂನು, ಸ್ವಂತ ಮಗಳನ್ನು ಆ ರೂಮಿನಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ನಾನು ಬೆಳೆದದ್ದು ಅಜ್ಜಿಯ ಹತ್ತಿರ. ಅಮ್ಮ ತಿಂಗಳಿಗೊಂದು ಭಾನುವಾರ ಬಂದು ಹೋಗುವ ಹೆಂಗಸು.

ಆ ಬೀದಿಯಲ್ಲಿ ನನ್ನ ಮಗಳು ಬಾಯಿಬಿಟ್ಟು ಕೂಗಾಡಬೇಕು. ಅಷ್ಟೇ ನನ್ನ ಆಸೆ. ಬೇರೆ ಬೀದಿ ಬೇಡ.

ಮೇ 14, ಮಂಗಳವಾರ. ಮಧ್ಯಾಹ್ನ

ಪತ್ರ ಬರೆದೆ. ಬುಸಿಗೆ ತೋರಿಸಿದೆ, ಅವಳ ಇಂಗ್ಲಿಷ್ ಚೆನ್ನ. ವಾರ್ಡಿನ ದೊಡ್ಡ ವರದಿಗಳೆಲ್ಲ ಅವಳದೇ. ಕ್ಯಾಂಟೀನಿನಲ್ಲಿ ಕೂತು, ಪೆನ್ನು ಹಿಡಿದು, ಒಂದೊಂದು ಸಾಲೂ ತಿದ್ದಿದಳು. ಅಮ್ಮನ ವಿಷಯ ಬಂದ ಕಡೆ ನಿಂತಳು. ನಾಲ್ಕೇ ನಾಲ್ಕು ಸಾಲು.

"ಇದು ತೆಗಿ."

"ಯಾಕೆ? ಅದೇ ತಾನೇ ಮುಖ್ಯ?"

"ಅಯ್ಯೋ ಪುಲಿ, ನಿಂಗೆ ಬಿಳಿಯರು ಗೊತ್ತಿಲ್ವಾ? ಹಳೇದು ನೆನಪು ಮಾಡಿದ್ರೆ ಅವರ ಮುಖ ಸಿಂಡರಿಸುತ್ತೆ. ಲೆಕ್ಕ ಕೇಳೋಕೆ ಬಂದಿದಾಳೆ ಅನ್ಕೋತಾರೆ. ನರ್ಸು, ಮಗಳು, ಹತ್ತಿರದ ಸ್ಕೂಲು— ಇಷ್ಟು ಸಾಕು."

ಅವಳೇ ಗೀಟು ಎಳೆದಳು. ಸರಿ ಅನ್ನಿಸಿತು. ಅಮ್ಮ ಬದುಕಿದ್ದರೆ ಅವಳೂ ಹಾಗೇ ಅನ್ನುತ್ತಿದ್ದಳೇನೋ, ಸುಮ್ಮನೆ ಅವರಿಗೆ ಬೇಜಾರು ಯಾಕೆ ಅಂತ. ನೀಟಾಗಿ ಬರೆದು ಕೊಟ್ಟೆ. ಗೀಟು ಎಳೆದ ಹಾಳೆ ಬುಸಿಯ ಹತ್ತಿರವೇ ಉಳಿಯಿತು.

ಮೇ 17, ಶುಕ್ರವಾರ

ಒಪ್ಪಿದರು! ನನ್ನದೇ ಒಪ್ಪಿದರು! ವಾರ್ಡಿನಲ್ಲಿ ಕೂಗಿಬಿಟ್ಟೆ, ಏಳನೇ ಬೆಡ್ಡಿನ ಮುದುಕ ಎದ್ದು ಕೂತ. ಬುಸಿ ಓಡಿ ಬಂದು ತಬ್ಬಿಕೊಂಡಳು. ಸಂಜೆ ದಾರಿಯಲ್ಲಿ ಕಾರು ನಿಲ್ಲಿಸಿ ಎಲ್ಲರಿಗೂ ಅವಳೇ ಕೋಳಿ ಕೊಡಿಸಿದಳು.

ಮೇ 20, ಸೋಮವಾರ

ಕರಾರು ಪತ್ರ ಬಂತು. ಕಾರಿನಲ್ಲೇ ಜೋರಾಗಿ ಓದಿದೆ. ಒಂದು ಷರತ್ತು ನನ್ನದೇ: ವೊಸ್ಲೂರಸ್ ಮನೆ ಮಾರಾಟವಾದರೆ ಮಾತ್ರ ಈ ಮನೆ ಕೊಳ್ಳುತ್ತೇನೆ. ಅದಕ್ಕೆ ಪ್ರತಿಯಾಗಿ ಅವರದೊಂದು: ಅಷ್ಟರೊಳಗೆ ಬೇರೆ ಯಾರಾದರೂ ಷರತ್ತಿಲ್ಲದೆ ಕೊಳ್ಳಲು ಬಂದರೆ ನನಗೆ ಎಪ್ಪತ್ತೆರಡು ಗಂಟೆ ನೋಟಿಸು. ಅಷ್ಟರಲ್ಲಿ ನಾನು ಷರತ್ತು ಕೈಬಿಡಬೇಕು. ಇಲ್ಲದಿದ್ದರೆ ಮನೆ ಆ ಹೊಸಬರದು.

"ಇನ್ನೊಂದ್ಸಲ ಓದು" ಎಂದಳು ಬುಸಿ. ಓದಿದೆ.

ಜೂನ್ 3, ಸೋಮವಾರ

ಹದಿನೈದು ದಿನ ಬರೆಯಲಾಗಲಿಲ್ಲ. ಮನೆ ತೊಳೆಯುವುದು, ಬಣ್ಣ ಬಳಿಯುವುದು, ಬಂದವರಿಗೆ ನಗುವುದು. ನಾಲ್ಕು ಜನ ನೋಡಿ ಹೋದರು. ಒಬ್ಬಳು ಗೀಸರ್ ಹಾಕಿ ನೋಡಿದಳು, ನನ್ನ ಹಣೆಬರಹ. ಕೊನೆಯ ಗಂಡ ಹೆಂಡತಿ ಪರವಾಗಿಲ್ಲ. ಬ್ಯಾಂಕಿನ ಸಾಲಕ್ಕೆ ಹಾಕಿದ್ದಾರೆ, ಉತ್ತರ ಬರಲು ಮೂರು ವಾರ ಅಂತೆ.

ನಿನ್ನೆ ರೆಫಿಲ್ವೆಯನ್ನು ಮೆಲ್ವಿಲ್‌ಗೆ ಕರೆದುಕೊಂಡು ಹೋಗಿದ್ದೆ. ಮಿಸೆಸ್ ವಿಸ್ಸರ್ ಬಿಸ್ಕತ್ತು ಕೊಟ್ಟರು. ಇವಳು ಹಿತ್ತಲೆಲ್ಲ ಓಡಿ, ಉಲ್ಲನ್ ಟೋಪಿ ಅಲ್ಲೇ ಬಿಟ್ಟು ಬಂದಿದ್ದಾಳೆ.

ಜೂನ್ 11, ಮಂಗಳವಾರ. 10.40

ನೋಟಿಸು ಬಂತು. ಡಿಯೊನ್ ಮೇಲ್ ಕಳಿಸಿ, ಫೋನೂ ಮಾಡಿದ. ಬೇರೊಬ್ಬರು ಬಂದಿದ್ದಾರೆ. ಷರತ್ತಿಲ್ಲ, ಸಾಲ ಆಗಲೇ ಮಂಜೂರು. ಶುಕ್ರವಾರ 10.40ಕ್ಕೆ ನನ್ನ ಗಡುವು.

ಯಾರು ಎಂದರೆ ಹೇಳಲಿಲ್ಲ. ಹೇಳುವ ಹಾಗಿಲ್ಲವಂತೆ.

ಇಂಜೆಕ್ಷನ್ ಕೊಡುವ ಕೆಲಸ ಜೊತೆಯ ನರ್ಸ್ ಪೋರ್ಶಿಯಾಗೆ ವಹಿಸಿ ಬಂದೆ.

ಅದೇ ದಿನ, ಸಂಜೆ

ಬ್ಲೂಮ್‌ಫಾಂಟೇನ್‌ನಲ್ಲಿರುವ ತಮ್ಮ ಟೆಬೊಹೊಗೆ ಫೋನ್ ಮಾಡಿದೆ. ಒಂದು ಕ್ಷಣವೂ ಯೋಚಿಸಲಿಲ್ಲ ಅವನು. "ಅಕ್ಕಾ, ಷರತ್ತು ಬಿಟ್ಬಿಡು. ನಿನ್ನ ಮನೆ ಮಾರೋವರೆಗೂ ನಾನು ನೋಡ್ಕೋತೀನಿ. ಗುರುವಾರ ದುಡ್ಡು ಕಳಿಸ್ಲಾ?" ಎಂದ. ನಾಳೆ ಹೇಳುತ್ತೇನೆ ಎಂದೆ. ಅವನ ಮದುವೆಗೆಂದು ಕೂಡಿಟ್ಟದ್ದು ಅದು. ತೆಗೆದುಕೊಳ್ಳಲು ಮನಸ್ಸು ಬರುತ್ತಿಲ್ಲ.

ಜೂನ್ 12, ಬುಧವಾರ

ಬುಸಿಗೆ ಎಲ್ಲ ಹೇಳಿದೆ. ತಮ್ಮನ ವಿಷಯವನ್ನೂ.

"ಹುಚ್ಚಿ ಕಣೇ ನೀನು" ಎಂದಳು. "ಇವೆಲ್ಲ ಏಜೆಂಟರ ಆಟ. ಇನ್ನೊಬ್ಬರೂ ಇಲ್ಲ, ಮಣ್ಣೂ ಇಲ್ಲ. ನಿನ್ನ ಹೆದರಿಸೋಕೆ ಬಿಡೋ ಹುಸಿ ಬಾಂಬು. ನಮ್ಮ ಸೋದರತ್ತೆಗೂ ಹೀಗೇ ಮಾಡಿದ್ರು. ಅವಳು ಗಟ್ಟಿಯಾಗಿ ಕೂತಳು, ಕೊನೆಗೆ ಅವರೇ ಕೈಮುಗಿದುಕೊಂಡು ಬಂದ್ರು."

"ನಿಜವಾಗಿದ್ರೆ?"

"ನಿಜವಾಗಿದ್ರೆ ಹೆಸರು ಹೇಳ್ತಿರ್ಲಿಲ್ವಾ? ಪಾಪ, ಆ ಹುಡುಗನ ಮದುವೆ ಹಾಳು ಮಾಡ್ಬೇಡ ಚೊಮಿ. ಶುಕ್ರವಾರ ದಾಟಿಸು ಸಾಕು. ನಾನಿದೀನಲ್ಲ."

ಚೊಮಿ, ಗೆಳತಿ ಅಂದರೆ ಹೀಗಿರಬೇಕು. ತಲೆ ಬಿಸಿಯಾದಾಗ ತಣ್ಣಗೆ ಯೋಚಿಸುವವಳು ಒಬ್ಬಳು ಬೇಕು. ಟೆಬೊಹೊಗೆ ಬೇಡ ಎಂದು ಮೆಸೇಜು ಹಾಕಿದೆ.

ಜೂನ್ 14, ಶುಕ್ರವಾರ. 10.30

ಬುಸಿಗೆ ಇವತ್ತು ರಜೆ. ಏನೋ ಬ್ಯಾಂಕಿನ ಕೆಲಸವಂತೆ. ಟ್ಯಾಕ್ಸಿ ಹಿಡಿದು ಬಂದೆವು. ಪರವಾಗಿಲ್ಲ, ಧೈರ್ಯವಾಗಿದ್ದೇನೆ.

10.40

ದಾಟಿತು.

11.15

ಡಿಯೊನ್ ಮೇಲ್. ಕರಾರು ರದ್ದು. ಮನೆ ಎರಡನೆಯವರಿಗೆ. ತುಂಬಾ ವಿಷಾದವಂತೆ.

ಜೂನ್ 20

ಏನು ಬರೆಯುವುದು.

ಬುಸಿ ಕಾರಿನಲ್ಲಿ ಅತ್ತಳು. "ಎಲ್ಲಾ ನನ್ನಿಂದ್ಲೇ ಆಗಿದ್ದು" ಎಂದಳು. ನಾನೇ ಅವಳ ಬೆನ್ನು ಸವರಿದೆ.

ಜೂನ್ 29, ಶನಿವಾರ

ನಿಧಾನವಾಗಿ ಬರೆಯಬೇಕು. ಒಂದನ್ನೂ ಬಿಡಬಾರದು.

ಮಿಸೆಸ್ ವಿಸ್ಸರ್ ಫೋನ್ ಮಾಡಿದ್ದರು, ಮಗುವಿನ ಟೋಪಿ ಇದೆ ಬಾ ಎಂದು. ಹೋದೆ. ಟೀ ಕೊಟ್ಟರು, ಹಾಲಿನ ಕೇಕಿನ ಒಂದು ತುಂಡು ಕೊಯ್ದು ಕೊಟ್ಟರು. ಬಲು ಖುಷಿಯಲ್ಲಿದ್ದರು.

"ನಿಂಗೆ ಸಿಗ್ಲಿಲ್ಲ ಅಂತ ನಂಗೆ ಬೇಜಾರಾಗಿತ್ತು ಪುಲೆಂಗ್. ಆದ್ರೆ ನೀನೇ ನಿನ್ನ ಗೆಳತೀನ ಕಳಿಸಿದೆಯಂತಲ್ಲ, ಎಷ್ಟು ದೊಡ್ಡ ಮನಸ್ಸು!"

"ಯಾವ ಗೆಳತಿ?"

"ಬುಸಿಸಿವೆ. ಒಂದೇ ಕಾರಲ್ಲಿ ಹೋಗ್ತೀರಂತೆ."

ಲೋಟ ಕೆಳಗಿಟ್ಟೆ.

"ಅವಳ ಕಾಗದ ಓದಿ ಅತ್ತುಬಿಟ್ಟೆ ಕಣಮ್ಮ. ಎದುರುಮನೆ ಸೋಫಿ ಇದ್ದಳಲ್ಲ, ಅವಳ ಮಗಳಂತೆ ಇವಳು! ಇಪ್ಪತ್ತೆರಡು ವರ್ಷ ಇದ್ದಳು ಸೋಫಿ. ನನ್ನ ಮಗನಿಗೆ ದಡಾರ ಆದಾಗ ಮೂರು ದಿನ ಇಲ್ಲೇ ಬಂದು ಕೂತಿದ್ದಳು. ತನ್ನ ಮಗಳ ಮಾತು ಬಂದ್ರೆ ಸಾಕು, ಕಣ್ಣು ಒರೆಸ್ಕೋತಿದ್ಳು. ಷರತ್ತಿನ ಮಾತು ಡಿಯೊನ್‌ದು. ನಾನು ಮಾತ್ರ ಆ ಕಾಗದ ಓದಿದ ದಿನಾನೇ ತೀರ್ಮಾನ ಮಾಡಿದ್ದೆ, ಈ ಮನೆ ಸೋಫಿ ಮಗಳಿಗೇ ಹೋಗ್ಬೇಕು ಅಂತ."

ಸೋಫಿ. ಆ ಮನೆಯವರು ಅಮ್ಮನಿಗೆ ಇಟ್ಟ ಹೆಸರು. ಅದನ್ನೂ ನಾನೇ ಬುಸಿಗೆ ಹೇಳಿದ್ದು, ಮುಂದಿನ ಸೀಟಿನಲ್ಲಿ ಕೂತು.

ಬಾಯಿ ತೆರೆದೆ. ಹೇಳಿದರೆ ನಂಬುತ್ತಾರೆಯೇ? ಮನೆ ಸಿಗದ ಹೊಟ್ಟೆಕಿಚ್ಚಿಗೆ ಇನ್ನೊಬ್ಬಳ ತಾಯಿಯನ್ನು ನನ್ನವಳು ಅನ್ನುತ್ತಿದ್ದೇನೆ ಅಂದುಕೊಳ್ಳುತ್ತಾರೆ! ಕಾಗದದಲ್ಲಿ ನಾನು ಬರೆಯಲೇ ಇಲ್ಲವಲ್ಲ.

ಅಷ್ಟರಲ್ಲಿ ಎದ್ದು ಹೋಗಿ ಒಂದು ಲಕೋಟೆ ತಂದರು. "ಸಾಮಾನು ಕಟ್ಟುವಾಗ ಸಿಕ್ತು. ಸೋಮವಾರ ಅವಳಿಗೆ ಕೊಟ್ಬಿಡು. ಅವಳ ತಾಯಿ ತಾನೇ, ಅವಳ ಹತ್ರಾನೇ ಇರ್ಲಿ."

ಅಮ್ಮನ ಫೋಟೋ. ಇದೇ ಹಿತ್ತಲು. ಮೊಣಕೈವರೆಗೆ ಸೋಪಿನ ನೊರೆ, ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಾಳೆ. ನನ್ನ ಹತ್ತಿರ ಇರುವುದು ಗುರುತಿನ ಪುಸ್ತಕದ ಒಂದೇ ಫೋಟೋ. ಅದರಲ್ಲಿ ಅವಳು ಹೆದರಿದ್ದಾಳೆ. ಅಮ್ಮ ಹೀಗೆ ನಗುತ್ತಿದ್ದಳು ಎಂದು ನನಗೆ ಈ ವಯಸ್ಸಿನವರೆಗೆ ಗೊತ್ತೇ ಇರಲಿಲ್ಲ.

ಕೊಡುತ್ತೇನೆ ಎಂದು ತಲೆಯಾಡಿಸಿ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಜುಲೈ 1, ಸೋಮವಾರ

ಬೆಳಗ್ಗೆ ಹಾರ್ನ್ ಹಾಕಿದಳು. ಹೋಗಲಿಲ್ಲ. ಟ್ಯಾಕ್ಸಿಯಲ್ಲಿ ಹೋದೆ, ತಡವಾಯಿತು, ಬೈಸಿಕೊಂಡೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಹಿಡಿದೆ. ಅವಳು ಬೆಚ್ಚಲಿಲ್ಲ. ಇದಕ್ಕೇ ಕಾಯುತ್ತಿದ್ದವಳ ಹಾಗೆ ಬೆಂಚಿನ ಮೇಲೆ ಕೂತಳು.

"ಸರಿ, ಬೈಯಿ. ಆದ್ರೆ ಒಂದು ಕೇಳು. ನಿಂಗೆ ಒಂದು ಮನೆ ಇದೆ. ನಂಗೆ? ಹದಿನಾರು ವರ್ಷದಿಂದ ಇನ್ನೊಬ್ಬರ ಹಿತ್ತಲಲ್ಲಿ ತಗಡಿನ ಕೆಳಗೆ. ನಿಮ್ಮನ್ನೆಲ್ಲ ದಿನಾ ಹೊತ್ಕೊಂಡು ಹೋಗ್ತೀನಿ, ಬರ್ತೀನಿ. ಬುಸಿಗೂ ಒಂದು ಬಾಗಿಲು ಬೇಕು ಅಂತ ಒಬ್ರಿಗಾದ್ರೂ ಅನ್ನಿಸ್ತಾ?"

"ಕೇಳಿದ್ರೆ ನಾನೇ ನಿಂಜೊತೆ ಮನೆ ಹುಡುಕ್ತಿದ್ನಲ್ಲೇ!"

"ಹುಡುಕ್ತಿದ್ದೆ. ಎರಡನೇದು. ಒಳ್ಳೇದು ನಿಂಗೆ."

"ಮನೆ ಹಾಳಾಗಿ ಹೋಗ್ಲಿ ಬುಸಿ. ಅಮ್ಮನ್ನ ಯಾಕೆ ತಗೊಂಡೆ?"

ಬಗ್ಗಿ ಶೂ ಲೇಸು ಕಟ್ಟಿದಳು. ಆಮೇಲೆ ಹೇಳಿದಳು: "ನೀನು ಬೇಡ ಅಂತ ಬಿಟ್ಟೆ. ಬಿದ್ದಿತ್ತು, ಎತ್ಕೊಂಡೆ."

ಗೀಟು ಎಳೆದವಳು ಅವಳು. ಅದನ್ನೂ ನನ್ನ ತಲೆಗೇ ಕಟ್ಟಿದಳು. ಐದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, ಕತ್ತು ಕೊಯ್ದಳು. ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಗುತ್ತಿದೆ, ಎಷ್ಟು ಚೆನ್ನಾಗಿ ಕತ್ತು ಒಡ್ಡಿದೆನಲ್ಲ ಎಂದು.

ಜುಲೈ 2, ಮಂಗಳವಾರ. ಸಂಜೆ 7.50

ಬುಸಿಯ ಮೆಸೇಜು. "ಮುದುಕಿ ನಿನ್ನ ಹತ್ರ ಫೋಟೋ ಕೊಟ್ಟಿದಾಳಂತೆ. ನಾಳೆ ತಗೊಂಡ್ಬಾ. ಬೀಗದ ಕೈ ಕೊಡೋ ದಿನ ಗೋಡೆ ಮೇಲೆ ನೋಡ್ಬೇಕಂತೆ. ಕೋಪ ಏನಿದ್ರೂ ಆಮೇಲೆ ಇಟ್ಕೋ, ಪ್ಲೀಸ್."

ಪ್ಲೀಸ್ ಅಂತೆ!

8.10

ರೆಫಿಲ್ವೆಗೆ ತೋರಿಸಿದೆ. "ಯಾರಮ್ಮ ಇದು?"

"ನಿನ್ನ ಅಜ್ಜಿ. ಮಾಟ್ಶೆಪೊ ಅಂತ ಹೆಸರು."

"ಎಷ್ಟು ಜೋರಾಗಿ ನಗ್ತಿದಾಳೆ! ಯಾಕೆ ನಗ್ತಿದಾಳೆ?"

ಗೊತ್ತಿಲ್ಲ ಎಂದೆ. ಗೊತ್ತಿರುವವರು ಒಬ್ಬರೇ ಉಳಿದಿದ್ದಾರೆ. ಅದನ್ನಾದರೂ ಕೇಳಿ ತಿಳಿದುಕೊಳ್ಳಬೇಕು. ಮನೆ ಹೋಯಿತು, ಅದಕ್ಕೆ ಸಹಿ ಬಿದ್ದಾಯಿತು. ಅಮ್ಮನನ್ನು ಬಿಟ್ಟುಕೊಡಲಾರೆ.

8.25

ಫೋನ್ ಮಾಡಿದೆ. ಎರಡೇ ರಿಂಗಿಗೆ ಎತ್ತಿದರು.

"ಮಿಸೆಸ್ ವಿಸ್ಸರ್, ನಾನು ಸೋಫಿ ಮಗಳು ಮಾತಾಡ್ತಿರೋದು" ಎಂದೆ.

"ಓ, ಹೇಳು ಬುಸಿಸಿವೆ" ಎಂದರು, ಎಷ್ಟೊಂದು ಪ್ರೀತಿಯಿಂದ. "ನಿನ್ನ ಅಮ್ಮನ ಫೋಟೋ ಸಿಕ್ತಾ?"

"ಬುಸಿಸಿವೆ ಅಲ್ಲ, ನಾನು ಪುಲೆಂಗ್" ಎಂದೆ, "ಆ ಫೋಟೋದಲ್ಲಿ ನನ್ನ ಅಮ್ಮ ಯಾಕೆ ನಗ್ತಿದಾಳೆ, ಹೇಳಿ."