ಕೆಟ್ಟ ಫ್ರಿಜ್ಜೂ ನಿನ್ನ ಕೆಂಪು ಕುಪ್ಪಸವೂ

ಮಾಬೆಲೆ,

ಪ್ರಾರ್ಥನೆಗೆ ಹೊರಡುವ ಮುಂಚೆ ಇದನ್ನು ಓದು. ಚರ್ಚಿನ ಮಹಿಳಾ ಸಂಘದ ಕೆಂಪು ಕುಪ್ಪಸ ಇವತ್ತು ಹಾಕಿಕೊಳ್ಳಬೇಡ. ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದ್ದೇನೆ. ಅದಿಲ್ಲದೆ ಹೋದರೆ ನಿನ್ನನ್ನು ಹಿಂದಿನ ಬೆಂಚಿಗೆ ಕಳಿಸುತ್ತಾರೆ, ಗೊತ್ತು.

ಹಿಂದಿನ ಕೋಣೆಯ ಕೆಟ್ಟ ಫ್ರಿಜ್ಜು ರಿಪೇರಿಗೆ ಕಾಯುತ್ತಿಲ್ಲ. ಅದರೊಳಗೆ ಪೇಂಟ್ ಡಬ್ಬಿಗಳಲ್ಲಿ ಎರಡು ಗಾಂಜಾ ಗಿಡ ಇವೆ. ನೀನು ಮನೆಯೆಲ್ಲ ಹುಡುಕಿದ ಪುಟ್ಟ ಫ್ಯಾನೂ ಅಲ್ಲೇ ಇದೆ. ರಾತ್ರಿ ಬಲ್ಬು ಹಾಕುತ್ತೇನೆ, ಹಗಲು ಅವಕ್ಕೆ ಕತ್ತಲೆ ಬೇಕು. ಹೂ ಬಿಟ್ಟಿವೆ, ಸಂಜೆವರೆಗೆ ಬಾಗಿಲು ತೆಗೀಬೇಡ ಮಾರಾಯ್ತಿ. ನನ್ನ ಮಂಡಿನೋವಿಗೆ ಎಣ್ಣೆ ಕಾಯಿಸೋಣ ಅಂತ, ಅಷ್ಟೆ. ಮನೆಯಲ್ಲಿ ಸ್ವಂತಕ್ಕೆ ಬೆಳೆಯೋಕೆ ಇಲ್ಲಿ ಸರ್ಕಾರದ ಒಪ್ಪಿಗೆ ಇದೆ. ನಿನ್ನ ಒಪ್ಪಿಗೆ ಕೇಳಲಿಲ್ಲ.

ನಮ್ಮೂರು ಲುಸಿಕಿಸಿಕಿಯಲ್ಲಿ ಅಮ್ಮ ಗುಡ್ಡದ ಮೇಲೆ ಬೆಳೆಯುತ್ತಿದ್ದಳು, ವಾಸನೆ ಗಾಳಿಗೆ ಹೋಗುತ್ತಿತ್ತು. ಮನೆಯೊಳಗೆ ಬೆಳೆದರೆ ಅದು ಪಕ್ಕದ ಮೊಳೆಗೆ ನೇತುಹಾಕಿದ ಬಟ್ಟೆಗೆ ಹತ್ತುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಕಳೆದ ಗುರುವಾರ ಪ್ರಾರ್ಥನೆಯಲ್ಲಿ ಆ ವಾಸನೆ ಬಂದದ್ದು ನಿನ್ನ ಕುಪ್ಪಸದಿಂದ. ಪಕ್ಕದಲ್ಲಿ ಕೂತಿದ್ದ ನೊಜಿಪೊ ಅಕ್ಕನಿಂದ ಅಲ್ಲ. ಇವತ್ತು ಅವಳನ್ನು ಎಲ್ಲರೆದುರು ನಿಲ್ಲಿಸಿ ಕೇಳುತ್ತಾರಂತಲ್ಲ, ಅಷ್ಟರೊಳಗೆ ನಿಜ ಹೇಳಿಬಿಡು. ನಾನು ಅವಳ ಮನೆಗೇ ಹೊರಟಿದ್ದೇನೆ, ಬೈಸಿಕೊಳ್ಳೋದಕ್ಕೆ.

ಒಲೆಯ ಮೇಲೆ ಜೋಳ, ಅವರೆ ಬೇಯಿಸಿಟ್ಟಿದ್ದೇನೆ. ಉಂಡು ಹೋಗು.

ಅವತ್ತು ಮನೆಗೆ ಬಂದು ಮಂಡಿಯೂರಿ, "ದೇವರೇ, ಪಾಪ ನಮ್ ನೊಜಿಪೊ ಅಕ್ಕಂಗೆ ಆ ಚಟ ಬಿಡಿಸಪ್ಪಾ" ಅಂತ ನೀನು ಅತ್ತುಬಿಟ್ಟೆಯಲ್ಲ, ಆಗಲೇ ನನಗೆಲ್ಲ ಗೊತ್ತಾಗಿತ್ತು. ಆದರೂ ಪಕ್ಕದಲ್ಲಿ ಕೂತು ಆಮೆನ್ ಅಂದೆ. ನಿನಗಿಂತ ಜೋರಾಗಿ.

ನಿನ್ನ ಗಂಡ ತೆಂಬಿಲೆ