ಸಂಸತ್ತಿನ ಪೀರಿಯಡ್

ಗುಬ್ಬಿ, ಶುಕ್ರವಾರ, ಜುಲೈ ೧೨, ೨೦೨೪

ವಿದ್ಯಾರ್ಥಿ ಸಂಸತ್ತಿಗೆಂದು ನಾನು ಕಾಡಿ ಬೇಡಿ ಪಡೆದಿದ್ದ ವಾರದ ಒಂದೇ ಪೀರಿಯಡ್ಡನ್ನು ಹೆಡ್ಮಾಸ್ಟರ್ ರೇಣುಕಾಪ್ರಸಾದ್ ಬೆಳಿಗ್ಗೆ ಗಣಿತಕ್ಕೆ ಕೊಟ್ಟುಬಿಟ್ಟರು. "ಮೊದ್ಲು ರಿಸಲ್ಟ್ ಮೇಡಂ, ಲೀಡರ್‌ಗಿರಿ ಆಮೇಲೆ," ಎಂದರು.

ಮಕ್ಕಳು ಸುಮ್ಮನಾಗಲಿಲ್ಲ. ಊಟದ ಬಿಡುವಿನಲ್ಲಿ ತಟ್ಟೆ ಹಿಡಿದುಕೊಂಡೇ ವರಾಂಡದಲ್ಲಿ ಸಭೆ ಕೂತರು. ಹಾಜರಿಗೂ ದನಿ ಎತ್ತದ ಒಂಬತ್ತನೇ ತರಗತಿಯ ಅರ್ಜೂ ಎದ್ದು ನಿಂತು, ಹುಡುಗಿಯರ ಶೌಚಾಲಯಕ್ಕೆ ಚಿಲಕವಿಲ್ಲ ಎಂದು ಹೆಡ್ಮಾಸ್ಟರ್ ಕೋಣೆಗೆ ಕೇಳುವಷ್ಟು ಜೋರಾಗಿ ಹೇಳಿದಳು.

ಅವರು ಹೊರಗೆ ಬಂದರು. "ಹಾಕಿಸ್ತೀನಿ, ನಡೀರಿ ಕ್ಲಾಸಿಗೆ."

"ಯಾವತ್ತು ಅಂತ ಬರ್ಕೊಳ್ಲಿ ಸಾರ್?" ಅರ್ಜೂ ಪೆನ್ನು ತೆಗೆದಳು.

"ಸೋಮವಾರ."

ಗೆದ್ದಳು ಹುಡುಗಿ. ಆದರೆ ಮಾತಾಡಲು ಮಕ್ಕಳು ಅನ್ನ ಬಿಡಬೇಕೇ? ನಾಳೆ ಪೀರಿಯಡ್ ವಾಪಸ್ ಕೇಳುತ್ತೇನೆ. ಕೊಡುವವರೆಗೂ ಕೇಳುತ್ತೇನೆ.